ಆಬಾನ್ ತಿಂಗಳ ತರ್ಜುಮೆ

ಆಬಾನ್ ಅಂದ್ರ ಯಾವ ತಿಂಗಳು ಕಾಕಾ,
ಕೇಳುತ್ತಾನೆ ಕಂಪ್ಯೂಟರಿನ ಹುಡುಗ ಕಿಟಕಿಯಿಂದ.
ಭಾಲ್ಕಿ ತಹಸೀಲು ಕಚೇರಿಯ ಬೇವಿನ ಬುಡದಲ್ಲಿ
ನನ್ನದೊಂದು ಸ್ಟೂಲು, ಒಂದು ಭೂತಗನ್ನಡಿ.
ಹಳೆಯ ಉರ್ದು ಕಾಗದ ಓದಿ ಕನ್ನಡಕ್ಕಿಳಿಸುತ್ತೇನೆ,
ಪುಟಕ್ಕೆ ನೂರು, ಗಂಡನಿಲ್ಲದವರಿಗೆ ಅರವತ್ತು.
ಹೆಸರು ವೈಜಿನಾಥ. ಕೊರಳಲ್ಲಿ ಲಿಂಗ.
ನಿಮಗ ಇದು ಹ್ಯಾಂಗ ಬರ್ತದ ಅಂದವರಿಗೆ
ಉತ್ತರ ಕೊಡುವುದು ಬಿಟ್ಟಿದ್ದೇನೆ.
ಅಪ್ಪ ಲೆಕ್ಕ ಬರೆಯುತ್ತಿದ್ದುದು ಈ ಲಿಪಿಯಲ್ಲಿ,
ಸಂತೆಯಲ್ಲಿ ಚೌಕಾಸಿ ಮರಾಠಿಯಲ್ಲಿ,
ನನ್ನನ್ನು ಬೈದದ್ದೆಲ್ಲ ಕನ್ನಡದಲ್ಲಿ.

ಇವತ್ತು ಬಂದವಳು ಹಲೀಮಾಬಿ, ಕೋರೆವಾಡಿಯವಳು.
ಜೊತೆಗೆ ಮೊಮ್ಮಗ ತಾಜುದ್ದೀನ,
ಹತ್ತನೇ ಇಯತ್ತೆಯಲ್ಲಿ ಕನ್ನಡಕ್ಕೆ ತೊಂಬತ್ತೊಂದು ಅಂಕ,
ಉರ್ದುವಿನಲ್ಲಿ ತನ್ನ ಹೆಸರೂ ಬರೆಯಲಾರ.
ಯಾರೋ ಹೇಳಿದ್ದಾರೆ, ಕಾಗದ ತೆಗೆದಿಟ್ಟುಕೊಳ್ಳಿ,
ಎಲ್ಲಿಯವರು ನೀವು ಅಂತ ನಾಳೆ ಕೇಳಿದರೆ?
ಬೀಡಿ ಬಂಡಲಿನ ರಟ್ಟುಗಳ ನಡುವೆ ಕಾದಿಟ್ಟ ದಸ್ತಾವೇಜು
ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡು.

ಎರಡು ಎಕರೆ ಮಸಾರಿ ಜಮೀನು.
ತಾರೀಖು ಮೂರು ಆಬಾನ್, ಫಸಲಿ ಸಾವಿರದ ಮುನ್ನೂರ ಐವತ್ತೇಳು.
ಅಂದರೆ ನಲವತ್ತೆಂಟರ ಸೆಪ್ಟೆಂಬರು, ಹುಡುಗಾ.
ಮುದ್ರೆ ಒತ್ತಿದ ಸರ್ಕಾರ
ಹತ್ತು ದಿನ ತುಂಬುವುದರೊಳಗೆ ಇಲ್ಲವಾಯಿತು.
ಮುದ್ರೆ ಮಾತ್ರ ಇನ್ನೂ ನೇರಳೆ ಬಣ್ಣ.

ಕೊಂಡವನು ಇವಳ ಅಪ್ಪ, ಸಾಕಿನ್ ಕೋರೆವಾಡಿ.
ಮಾರಿದವನೂ ಸಾಕಿನ್ ಕೋರೆವಾಡಿ.
ಸಾಕ್ಷಿಯ ಜಾಗದಲ್ಲಿ, ಅಷ್ಟೂ ಉರ್ದುವಿನ ಕೆಳಗೆ,
ಎತ್ತಿನ ಹೆಜ್ಜೆಯಂಥ ಕನ್ನಡ ಅಕ್ಷರ:
ಕಾಶೆಪ್ಪ ಗುರಪ್ಪ, ನನ್ನ ರುಜು.

ಗನ್ನಡಿ ಅಲ್ಲೇ ನಿಂತಿತು.
ನನ್ನ ದೊಡ್ಡಪ್ಪ ಅವನು.
ಈ ರುಜುವಾದ ನಾಲ್ಕನೇ ದಿನ ರಜಾಕಾರರು
ಅವನನ್ನು ಕಣಕ್ಕೆ ಕರೆದೊಯ್ದರು.
ಇವಳ ಅಪ್ಪನನ್ನು ಬಾವಿಗೆ ಒಯ್ದ ಗುಂಪು ಬಂದದ್ದು
ಅದೇ ಆಬಾನ್ ಮುಗಿಯುವ ಮೊದಲು.
ಆ ಗುಂಪಿನಲ್ಲಿ ಯಾರಿದ್ದರು
ಅನ್ನುವುದಕ್ಕೆ ಯಾವ ದಸ್ತಾವೇಜೂ ಇಲ್ಲ.
ಅಪ್ಪ ಪ್ರತಿ ವರ್ಷ ಸೆಪ್ಟೆಂಬರು ಹದಿನೇಳಕ್ಕೆ
ಶಾಲೆಯಲ್ಲಿ ಝಂಡಾದ ಹಗ್ಗ ಕಟ್ಟುತ್ತಿದ್ದ, ಅಣ್ಣನ ಹೆಸರು ಹೇಳಿ.
ಮನೆಗೆ ಬಂದು ಕತ್ತಲಾಗುವತನಕ ಉಣ್ಣುತ್ತಿರಲಿಲ್ಲ,
ಅದು ಯಾರ ಹೆಸರಿನಲ್ಲೋ ಹೇಳುತ್ತಿರಲಿಲ್ಲ.
ಕೋರೆವಾಡಿ ಬಿಟ್ಟು ಭಾಲ್ಕಿಗೆ ಬಂದದ್ದು
ನೀರು ಸರಿಯಿಲ್ಲ ಅಂತ.

ಸಾಕಿನ್ ಅಂದರೆ ವಾಸಿಸುವವನು. ಹಾಗೆಂದೇ ಬರೆದೆ.
ಅಲುಗದವನು, ಸುಮ್ಮನೆ ಇದ್ದುಬಿಡುವವನು
ಅನ್ನುವ ಅರ್ಥವೂ ಆ ಮಾತಿಗುಂಟು.
ಅದನ್ನು ಬರೆಯಲಿಲ್ಲ.

"ಹುಟ್ಟಿದ ದೇಶ ಅಂತ ಕಾಲಂ ಅದ ನೋಡ್ರಿ," ಅಂದ ಕಿಟಕಿಯ ಹುಡುಗ,
"ಖಾಲಿ ಬಿಟ್ರ ಮಷೀನ್ ಮುಂದ ಹೋಗಂಗಿಲ್ಲ."
ನಿಜಾಮನದೋ, ಹಿಂದೂಸ್ತಾನದ್ದೋ, ನಾನು ತಡವರಿಸಿದೆ.
ಹಲೀಮಾಬಿ ಎಲೆಯಡಿಕೆ ಪಕ್ಕಕ್ಕೆ ಸರಿಸಿದಳು:
"ಭಾರತ ಅಂತ ಬರಿ ಬಾಬಾ.
ನಾವು ಮದಲೇ ಇದ್ದಿವಿ, ಅದು ಹಿಂದ್ಲಿಂದ ಬಂತು.
ಬಂದ ಮ್ಯಾಲ ಎಲ್ಲಿಗೂ ಹೋಗಿಲ್ಲ, ಅದೂ, ನಾವೂ."

ಕಚೇರಿಯಂಗಳದಲ್ಲಿ ನಾಳೆಯ ಝಂಡಾ ಕಂಬಕ್ಕೆ
ಬಿಳಿ ಬಣ್ಣ ಹಚ್ಚುತ್ತಿದ್ದರು, ಕಾಗೆಯೊಂದು ಅಂಟಿಸಿಕೊಂಡು ಹಾರಿತು.
ತಾಜುದ್ದೀನ ಬಗ್ಗಿ, ನನ್ನ ಸಹಾಯವಿಲ್ಲದೆ,
ಬೆರಳಿಟ್ಟು ಓದಿದ ಅದೊಂದೇ ಸಾಲು,
ಕಾ ಶೆ ಪ್ಪ.
"ಇವರು ಯಾರು, ದಾದಿ?"
"ನಿನ್ನ ಮುತ್ತ್ಯಾನ ದೋಸ್ತ. ನನ್ನ ಕೈಯಾಗ ಪುಠಾಣಿ ಹಾಕ್ತಿದ್ದ."
ನನ್ನ ಕಡೆ ತಿರುಗಿದಳು: "ನಿಮ್ಮೂರು ಯಾವುದ್ರಿ ಮಾಸ್ತರ?"

ಇಲ್ಲೇ, ಅಂದೆ.

ಅರವತ್ತು ರೂಪಾಯಿ ಎಣಿಸಿ ಕೊಟ್ಟಳು. ತೆಗೆದುಕೊಂಡೆ.
ಬೇಡ ಅಂದಿದ್ದರೆ
ಯಾಕೆ ಅಂತ ಕೇಳುತ್ತಿದ್ದಳು.